ಹಣ ಕಟ್ಟಿದ ಮೇಲೆ ಮಾಯವಾದ ಬಟನ್

ಜಾಬ್ ಪೋರ್ಟಲ್‌ನಲ್ಲಿ ನಿಮ್ಮ ರೆಸ್ಯೂಮೆ ಹಾಕಲು ನೀವು ದುಡ್ಡು ಕೊಟ್ಟಿರಲಿಕ್ಕಿಲ್ಲ. ಹಾಗಾದರೆ ಅದು ನಡೆಯುವುದು ಯಾರ ದುಡ್ಡಿನಲ್ಲಿ? ನಮ್ಮ ದುಡ್ಡಿನಲ್ಲಿ. ಜನ ಬೇಕಾದ ಕಂಪನಿಗಳು ಮತ್ತು ಆ ಕಂಪನಿಗಳಿಗೆ ಜನ ಹುಡುಕಿಕೊಡುವ ನನ್ನಂಥ ಪ್ಲೇಸ್‌ಮೆಂಟ್ ಕನ್ಸಲ್ಟೆಂಟ್‌ಗಳು ವರ್ಷಕ್ಕೊಮ್ಮೆ ಮುಂಗಡವಾಗಿ ಕಟ್ಟುವ ಚಂದಾ ಹಣವೇ ಪೋರ್ಟಲ್‌ಗಳ ದೊಡ್ಡ ಆದಾಯ. ಹೀಗೆ ಮುಂಗಡ ಕಟ್ಟಿದವರಿಗೆ ವರ್ಷದ ನಡುವೆ ಏನಾಗುತ್ತದೆ ಎಂಬುದು ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲ. ಕೆಲಸ ಹುಡುಕುವವರಿಗಂತೂ ಗೊತ್ತೇ ಇಲ್ಲ. ಪೆಟ್ಟು ಮಾತ್ರ ಅವರಿಗೂ ಬೀಳುತ್ತದೆ.

ನನ್ನ ಆಫೀಸು ಪುಣೆಯ ಪಿಂಪ್ರಿಯಲ್ಲಿದೆ. ಎರಡು ಕೋಣೆ, ನಾಲ್ಕು ಲ್ಯಾಪ್‌ಟಾಪು, ದಿನವಿಡೀ ಫೋನಿನಲ್ಲಿ ಮಾತಾಡುವ ಮೂವರು ಹುಡುಗಿಯರು. ಚಾಕಣ, ಭೋಸರಿ, ತಳೇಗಾವ್ ಕಡೆಯ ಕಾರ್ಖಾನೆಗಳಿಗೆ ಸಿಎನ್‌ಸಿ ಆಪರೇಟರ್, ಕ್ವಾಲಿಟಿ ಇನ್‌ಸ್ಪೆಕ್ಟರ್, ಟೂಲ್‌ರೂಮ್ ಕೆಲಸಗಾರರು, ಡಿಪ್ಲೊಮಾ ಎಂಜಿನಿಯರುಗಳನ್ನು ಒದಗಿಸುವುದು ನಮ್ಮ ಕೆಲಸ. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಡು ವರ್ಷ ಕೈ ಪಳಗಿಸಿಕೊಂಡು ಬಂದವರು, ವಿಜಯಪುರ, ಕಲಬುರಗಿ ಕಡೆಯಿಂದ ಐಟಿಐ ಮುಗಿಸಿ ನೇರ ಬಸ್ ಹತ್ತಿದವರು ನಮ್ಮ ಪಟ್ಟಿಯಲ್ಲಿ ಯಾವಾಗಲೂ ಇರುತ್ತಾರೆ.

ಈ ದಂಧೆಯ ಲೆಕ್ಕ ಸರಳ. ಹುಡುಗನಿಗೆ ಸಿಕ್ಕ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಕಂಪನಿ ನಮಗೆ ಫೀ ಕೊಡುತ್ತದೆ. ಹುಡುಗನಿಂದ ಒಂದು ಪೈಸೆ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಳ್ಳುವುದೂ ಇಲ್ಲ. 22 ಸಾವಿರ ಸಂಬಳದ ಕೆಲಸಕ್ಕೆ ನಮಗೆ 22 ಸಾವಿರ. ಅದೂ ಅವನು 90 ದಿನ ಕೆಲಸದಲ್ಲಿ ನಿಂತ ಮೇಲೆ. ನಡುವೆ ಬಿಟ್ಟು ಹೋದರೆ ಬದಲಿ ಜನ ಕೊಡಬೇಕು. ಹೀಗಾಗಿ ಪೋರ್ಟಲ್‌ಗೆ ಕಟ್ಟುವ ಒಂದು ವರ್ಷದ ಚಂದಾ ಎಂದರೆ ನಾಲ್ಕು ಹುಡುಗರನ್ನು ಕೆಲಸಕ್ಕೆ ಹಚ್ಚಿ, ಅವರು ಮೂರು ತಿಂಗಳು ನಿಂತು, ಕಂಪನಿಯ ಅಕೌಂಟ್ಸ್ ವಿಭಾಗ ಬಿಲ್ ಪಾಸ್ ಮಾಡಿದ ಮೇಲೆ ಕೈಗೆ ಬರುವ ಹಣ.

ಪೋರ್ಟಲ್ ಬರುವ ಮೊದಲು ಪತ್ರಿಕೆಯ ಜಾಹೀರಾತು, ಅಂಚೆಯಲ್ಲಿ ಬಂದ ಬಯೋಡೇಟಾ, ಕಪಾಟಿನ ತುಂಬ ಫೈಲು ಇದ್ದವು. ಹಳೆಯ ಕನ್ಸಲ್ಟೆಂಟ್‌ಗಳು ಈಗಲೂ ಅದನ್ನು ಹೇಳಿ ನಗುತ್ತಾರೆ. 1997ರಲ್ಲಿ ಸಂಜೀವ್ ಬಿಖ್‌ಚಂದಾನಿ ಅವರ ಇನ್ಫೋ ಎಡ್ಜ್ ಕಂಪನಿ ನೌಕ್ರಿ ಡಾಟ್ ಕಾಮ್ ಶುರು ಮಾಡಿತು. ಆಮೇಲೆ ಮಾನ್‌ಸ್ಟರ್, ಟೈಮ್ಸ್ ಜಾಬ್ಸ್, ಶೈನ್ ಮುಂತಾದವು ಬಂದವು. ಮಾನ್‌ಸ್ಟರ್‌ನ ಭಾರತದ ವ್ಯವಹಾರವನ್ನು ಬೆಂಗಳೂರಿನ ಕ್ವೆಸ್ ಕಂಪನಿ 2018ರಲ್ಲಿ ಕೊಂಡಿತು. 2022ರಲ್ಲಿ ಅದರ ಹೆಸರೇ ಫೌಂಡಿಟ್ ಎಂದಾಯಿತು. ಕಪಾಟಿನ ಫೈಲುಗಳು ಹೋಗಿ ಒಂದು ಸರ್ಚ್ ಬಾಕ್ಸ್ ಬಂತು. ಅದು ನಮ್ಮ ಕೆಲಸವನ್ನು ನಿಜಕ್ಕೂ ಹಗುರ ಮಾಡಿತು ಎಂಬುದನ್ನು ಒಪ್ಪಬೇಕು. ಸಮಸ್ಯೆ ಬಂದದ್ದು ಬೇರೆ ಕಡೆಯಿಂದ. ಕಪಾಟು ನಮ್ಮದಾಗಿತ್ತು, ಸರ್ಚ್ ಬಾಕ್ಸ್ ಅವರದು.

ನನ್ನ ಅನುಭವದ ಪೋರ್ಟಲ್‌ನ ಹೆಸರು ಇಲ್ಲಿ ಬೇಡ. ಅವರ ಸೇಲ್ಸ್‌ನ ಹುಡುಗ ಮಾರ್ಚ್ ಕೊನೆಯಲ್ಲಿ ಆಫೀಸಿಗೆ ಬಂದ. ಅವನಿಗೆ ಟಾರ್ಗೆಟ್ ಮುಗಿಸುವ ಅವಸರ, ನನಗೆ ಏಪ್ರಿಲ್‌ನಿಂದ ಶುರುವಾಗುವ ಭರ್ತಿಯ ಅವಸರ. ಅವನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್‌ನಲ್ಲಿ ನಾಲ್ಕು ಸವಲತ್ತುಗಳನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು. ರೆಸ್ಯೂಮೆಗಳನ್ನು ಮಿತಿಯಿಲ್ಲದೆ ನೋಡಬಹುದು. ಮೂವರು ಏಕಕಾಲಕ್ಕೆ ಲಾಗಿನ್ ಆಗಬಹುದು. ಅಭ್ಯರ್ಥಿಯ ಮೊಬೈಲ್ ನಂಬರ್ ನೇರವಾಗಿ ಕಾಣುತ್ತದೆ. ಹುಡುಕಿದ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. 85 ಸಾವಿರ, ಅದರ ಮೇಲೆ ಶೇ 18 ಜಿಎಸ್‌ಟಿ 15,300. ಒಟ್ಟು 1,00,300 ರೂಪಾಯಿ ಒಂದೇ ಕಂತಿನಲ್ಲಿ ಹೋಯಿತು.

ಷರತ್ತು ಓದಿದ್ದಿರಾ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ, ಓದಿದ್ದೆ. ‘ಸೇವೆಯ ಯಾವುದೇ ಅಂಶವನ್ನು ಯಾವುದೇ ಸಮಯದಲ್ಲಿ ಬದಲಿಸುವ ಹಕ್ಕು ಕಂಪನಿಗಿದೆ’ ಎಂಬ ಅರ್ಥದ ಸಾಲು ಅಲ್ಲಿತ್ತು. ಅವನನ್ನು ಕೇಳಿಯೂ ಇದ್ದೆ. ‘ಅದು ಸ್ಟ್ಯಾಂಡರ್ಡ್ ಸರ್, ಎಲ್ಲರಿಗೂ ಇರುತ್ತದೆ. ನಡೆಯುತ್ತಿರೋ ಪ್ಲಾನ್‌ಗೆ ಯಾರೂ ಕೈ ಹಚ್ಚೋದಿಲ್ಲ’ ಎಂದ. ಆ ಸಾಲು ತೆಗೆಯಿರಿ ಎಂದರೆ ತೆಗೆಯುವ ಅಧಿಕಾರ ಅವನಿಗೂ ಇಲ್ಲ, ಅವನ ಮೇಲಿನವನಿಗೂ ಇಲ್ಲ. ಬೇರೆ ಪೋರ್ಟಲ್‌ಗೆ ಹೋದರೆ ಅಲ್ಲಿಯೂ ಅದೇ ಸಾಲು.

ಐದನೇ ತಿಂಗಳಲ್ಲಿ ಎಕ್ಸೆಲ್ ಬಟನ್ ಕಾಣೆಯಾಯಿತು. ನಮ್ಮ ಹುಡುಗಿಯೊಬ್ಬಳು ಇಂಟರ್‌ನೆಟ್ ತೊಂದರೆ ಎಂದುಕೊಂಡು ಮೂರು ಸಲ ಪೇಜ್ ರಿಫ್ರೆಶ್ ಮಾಡಿದಳು. ಎರಡು ವಾರ ಕಳೆಯಿತು. ಮೊಬೈಲ್ ನಂಬರ್ ಇರುತ್ತಿದ್ದ ಜಾಗದಲ್ಲಿ ‘ಸಂಪರ್ಕಕ್ಕೆ ಕೋರಿಕೆ ಕಳಿಸಿ’ ಎಂಬ ನೀಲಿ ಪಟ್ಟಿ ಬಂತು. ಅದನ್ನು ಒತ್ತಿದರೆ ಅಭ್ಯರ್ಥಿಗೆ ಒಂದು ಇ-ಮೇಲ್ ಹೋಗುತ್ತದೆ. ಅವನು ಒಪ್ಪಿದರೆ ಮಾತ್ರ ನಮಗೆ ನಂಬರ್. ಅದರ ಹಿಂದೆಯೇ ‘ಮಿತಿಯಿಲ್ಲದ’ ರೆಸ್ಯೂಮೆಗೆ ಒಂದು ಮಿತಿಯೂ ಬಂತು. ಅದಕ್ಕೆ ನ್ಯಾಯಯುತ ಬಳಕೆಯ ನೀತಿ ಎಂದು ಹೆಸರು. ಮುಂಚಿತವಾಗಿ ಪತ್ರವಿಲ್ಲ, ಫೋನಿಲ್ಲ. ಲಾಗಿನ್ ಆದಾಗ ಮೂಲೆಯಲ್ಲಿ ಮಿನುಗಿ ಹೋದ ಒಂದು ಸಂದೇಶವೇ ನೋಟಿಸು.

ಸೇಲ್ಸ್‌ನ ಹುಡುಗನಿಗೆ ಫೋನ್ ಮಾಡಿದರೆ ಅವನು ಆ ಕಂಪನಿ ಬಿಟ್ಟು ಎರಡು ತಿಂಗಳಾಗಿತ್ತು. (ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂದು ನಮಗೆ ವೆಬಿನಾರ್ ನಡೆಸುವ ಪೋರ್ಟಲ್‌ಗಳಲ್ಲೇ ಸೇಲ್ಸ್‌ನವರು ಆರು ತಿಂಗಳು ನಿಲ್ಲುವುದಿಲ್ಲ.) ಹೊಸದಾಗಿ ಬಂದ ಅಕೌಂಟ್ ಮ್ಯಾನೇಜರ್ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದರು. ‘ಸರ್, ನಿಮ್ಮ ಪ್ಲಾನ್ ಅಪ್‌ಗ್ರೇಡ್ ಆಗಿದೆ’ ಎಂದರು. ಇದ್ದದ್ದನ್ನು ಕಿತ್ತುಕೊಂಡು ಅದಕ್ಕೆ ಅಪ್‌ಗ್ರೇಡ್ ಎನ್ನುವ ಧೈರ್ಯವನ್ನು ನಾನು ಬೇರೆ ಯಾವ ವ್ಯಾಪಾರದಲ್ಲೂ ಕಂಡಿಲ್ಲ. ಕಾರಣ ಕೇಳಿದೆ. ಅಭ್ಯರ್ಥಿಗಳ ಖಾಸಗಿತನ ಕಾಪಾಡಲು ಎಂದರು.

ಈ ಕಾರಣವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ರೆಸ್ಯೂಮೆ ಹಾಕಿದ ಮರುದಿನದಿಂದ ವಿಮೆ, ಸಾಲ, ನಕಲಿ ಕೋರ್ಸ್ ಮಾರುವವರ ಕರೆಗಳಿಂದ ಬೇಸತ್ತ ಎಷ್ಟೋ ಹುಡುಗರನ್ನು ನೋಡಿದ್ದೇನೆ. ಕನ್ಸಲ್ಟೆಂಟ್ ಎಂದು ಹೇಳಿಕೊಂಡು ‘ರಿಜಿಸ್ಟ್ರೇಷನ್ ಫೀ’ ವಸೂಲು ಮಾಡಿ ಓಡಿಹೋಗುವವರಿದ್ದಾರೆ. ಒಂದು ಲಾಗಿನ್ ಕೊಂಡು ಸಾವಿರಾರು ನಂಬರ್ ಇಳಿಸಿಕೊಂಡು ಮಾರಿದವರೂ ಇದ್ದಾರೆ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯನ್ನು ಪಾಸು ಮಾಡಿದೆ. ಒಬ್ಬರ ಮಾಹಿತಿಯನ್ನು ಅವರ ಒಪ್ಪಿಗೆಯಿಂದ, ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕು ಎಂಬುದು ಅದರ ತಿರುಳು. ಹುಡುಗನ ನಂಬರ್ ಯಾರಿಗೆ ಕಾಣಬೇಕು ಎಂಬುದನ್ನು ಹುಡುಗನೇ ತೀರ್ಮಾನಿಸಲಿ ಎಂದರೆ ನನ್ನ ತಕರಾರಿಲ್ಲ.

ಆದರೆ ಅದೇ ಫೋನ್ ಕರೆಯ ಕೊನೆಯಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಇನ್ನು 32 ಸಾವಿರ ಮತ್ತು ಜಿಎಸ್‌ಟಿ ಕಟ್ಟಿ ಮೇಲಿನ ಪ್ಲಾನ್ ತೆಗೆದುಕೊಂಡರೆ ನಂಬರ್ ಮೊದಲಿನಂತೆಯೇ ನೇರವಾಗಿ ಕಾಣುತ್ತದಂತೆ. ಎಕ್ಸೆಲ್ ಬಟನ್ ಸಹ ಬರುತ್ತದಂತೆ. 85 ಸಾವಿರ ಕಟ್ಟಿದವನಿಂದ ರಕ್ಷಿಸಬೇಕಾದ ಖಾಸಗಿತನ 1 ಲಕ್ಷ 17 ಸಾವಿರ ಕಟ್ಟಿದವನ ಮುಂದೆ ಹೇಗೆ ಬಾಗಿಲು ತೆರೆಯುತ್ತದೆ? ನಾನು ಹಾಗೆಯೇ ಕೇಳಿದೆ. ‘ಫೀಡ್‌ಬ್ಯಾಕ್ ಮೇಲಿನವರಿಗೆ ತಿಳಿಸುತ್ತೇನೆ ಸರ್’ ಎಂಬ ಉತ್ತರ ಬಂತು. ಪಾಪ, ಅವರ ಬಳಿ ಬೇರೆ ಉತ್ತರ ಇರುವುದು ಸಾಧ್ಯವೂ ಇರಲಿಲ್ಲ.

ಠಾಣೆಯಲ್ಲಿ ಇದೇ ಕೆಲಸ ಮಾಡುವ ಉಡುಪಿ ಕಡೆಯ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದೆ. ‘ನಿಮ್ಮದೂ ಹೋಯ್ತಾ ಮಾರಾಯ್ರೇ? ನಮ್ಮದು ಹೋಗಿ ಹದಿನೈದು ದಿನ ಆಯ್ತು’ ಎಂದರು. ಅವರ ಮಾವ ಮುಂಬೈ ಕೋಟೆ ಪ್ರದೇಶದಲ್ಲಿ ಬಹಳ ಕಾಲ ಹೋಟೆಲು ನಡೆಸಿದವರು. ‘ಮಾವನ ಹೋಟೆಲಿನಲ್ಲಿ ತಿಂಗಳ ಊಟದ ಪಾಸ್ ತಗೊಂಡವನಿಗೆ, ಹದಿನೈದನೇ ತಾರೀಕಿನಿಂದ ಸಾಂಬಾರು ಇಲ್ಲ, ಬೇಕಾದ್ರೆ ಬೇರೆ ದುಡ್ಡು ಕೊಡು ಅಂದಿದ್ರೆ ಎಂತ ಆಗ್ತಿತ್ತು ಹೇಳಿ? ತಟ್ಟೆ ಎತ್ತಿ ಬಿಸಾಡ್ತಿದ್ರು. ನಾವು ಮಾತ್ರ ಸರ್ ಸರ್ ಅಂತ ಮೇಲ್ ಬರೀತಾ ಕೂತಿದ್ದೇವೆ.’ ಅವರ ಆಫೀಸಿನಲ್ಲಿ ಮೂರು ಲಾಗಿನ್ ಒಂದಾಗಿತ್ತು. ಇಬ್ಬರು ಕೆಲಸದವರು ಸರದಿಯ ಮೇಲೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು.

ಇದು ನಮ್ಮ ದೇಶದ ಪೋರ್ಟಲ್‌ಗಳ ರೋಗ ಮಾತ್ರವಲ್ಲ. ಲಿಂಕ್ಡ್‌ಇನ್‌ನ ಇನ್‌ಮೇಲ್ ಇದಕ್ಕೆ ಒಳ್ಳೆಯ ಉದಾಹರಣೆ. ಪರಿಚಯವಿಲ್ಲದವರಿಗೆ ನೇರ ಸಂದೇಶ ಕಳಿಸಲು ಹಣ ಕಟ್ಟಿದ ರಿಕ್ರೂಟರ್‌ಗಳಿಗೆ ತಿಂಗಳಿಗಿಷ್ಟು ಎಂದು ಇನ್‌ಮೇಲ್ ಕ್ರೆಡಿಟ್ ಸಿಗುತ್ತದೆ. ಮೊದಲು ಏಳು ದಿನದೊಳಗೆ ಉತ್ತರ ಬರದಿದ್ದರೆ ಆ ಕ್ರೆಡಿಟ್ ವಾಪಸ್ ಬರುತ್ತಿತ್ತು. 2015ರ ಜನವರಿಯಿಂದ ನಿಯಮ ತಲೆಕೆಳಗಾಯಿತು. 90 ದಿನದೊಳಗೆ ಉತ್ತರ ಬಂದರೆ ಕ್ರೆಡಿಟ್ ವಾಪಸ್, ಬರದಿದ್ದರೆ ಹೋಯಿತು. ಸಿಕ್ಕಸಿಕ್ಕವರಿಗೆಲ್ಲ ಒಂದೇ ಸಂದೇಶ ಕಳಿಸುವ ರಿಕ್ರೂಟರ್‌ಗಳಿಗೆ ಕಡಿವಾಣ ಹಾಕುವುದು ಕಂಪನಿ ಕೊಟ್ಟ ಕಾರಣ. ಕಾರಣದಲ್ಲಿ ಹುರುಳಿದೆ. ಅಂಥ ಸಂದೇಶ ನನಗೂ ಬರುತ್ತವೆ. ನಾನೇ ಕನ್ಸಲ್ಟೆಂಟ್ ಎಂದು ಪ್ರೊಫೈಲ್‌ನಲ್ಲಿ ಬರೆದಿದ್ದರೂ ವೆಲ್ಡರ್ ಕೆಲಸಕ್ಕೆ ಕರೆಯುತ್ತಾರೆ! ಆದರೆ ಕೆಲಸದಲ್ಲಿ ನೆಮ್ಮದಿಯಾಗಿರುವ, ಸಂದೇಶಕ್ಕೆ ಸುಲಭವಾಗಿ ಉತ್ತರಿಸದ ಅನುಭವಿಗಳನ್ನು ಹುಡುಕುವ ಪ್ರಾಮಾಣಿಕ ರಿಕ್ರೂಟರ್‌ಗೆ ಅದೇ ಹಣದಲ್ಲಿ ಸಿಗುವ ಸಂದೇಶಗಳು ಕಡಿಮೆಯಾದವು.

ಇನ್‌ಡೀಡ್‌ನದು ಇನ್ನೊಂದು ಬಗೆ. ಅಮೆರಿಕದಲ್ಲಿ 2019ರ ಜನವರಿಯಿಂದ ಸ್ಟಾಫಿಂಗ್ ಏಜೆನ್ಸಿಗಳ ಜಾಹೀರಾತುಗಳನ್ನು ಉಚಿತ ಹುಡುಕಾಟದ ಫಲಿತಾಂಶದಿಂದ ಅದು ಹೊರಗಿಟ್ಟಿತು. ಕಾಣಬೇಕಾದರೆ ಹಣ ಕೊಟ್ಟು ಪ್ರಾಯೋಜಿಸಬೇಕಾಯಿತು. ಅದರ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಪುಕ್ಕಟೆ ಕೊಟ್ಟದ್ದನ್ನು ಕೊಟ್ಟವರು ನಿಲ್ಲಿಸಬಹುದು. ಬಾವಿ ಅವರದು, ಹಗ್ಗ ಅವರದು. ಆದರೆ ಹನ್ನೆರಡು ತಿಂಗಳ ನೀರಿಗೆ ಹಣ ಎಣಿಸಿಕೊಂಡು ಐದನೇ ತಿಂಗಳಲ್ಲಿ ಹಗ್ಗ ಎಳೆದುಕೊಳ್ಳುವುದು ಬೇರೆ ಮಾತು. ಈ ಎರಡನ್ನೂ ‘ಪಾಲಿಸಿ ಬದಲಾವಣೆ’ ಎಂಬ ಒಂದೇ ಶಬ್ದದಲ್ಲಿ ಕಟ್ಟುವುದರಿಂದಲೇ ಗೊಂದಲ.

ಇನ್ನು ಪೆಟ್ಟು ತಿಂದ ಹುಡುಗನ ವಿಷಯ. ಚಾಕಣದ ಒಂದು ಕಾರ್ಖಾನೆಗೆ ಸೋಮವಾರದೊಳಗೆ ವಿಎಂಸಿ ಮಶೀನ್ ಸೆಟ್ಟರ್ ಬೇಕಿತ್ತು. 26 ಸಾವಿರ ಸಂಬಳ, ಕ್ಯಾಂಟೀನು, ಬಸ್ಸು. ಪೋರ್ಟಲ್‌ನಲ್ಲಿ ಹುಡುಕಿದರೆ ಇಂಡಿ ತಾಲೂಕಿನ ಒಬ್ಬ ಹುಡುಗನ ರೆಸ್ಯೂಮೆ ಅಚ್ಚುಕಟ್ಟಾಗಿ ಹೊಂದುತ್ತಿತ್ತು. ಮೂರು ವರ್ಷದ ಅನುಭವ, ಸದ್ಯದ ವಾಸ ಚಾಕಣ ಎಂದು ಬರೆದಿದ್ದ. ಮೊದಲಾಗಿದ್ದರೆ ಎರಡು ನಿಮಿಷದಲ್ಲಿ ಫೋನ್ ಹೋಗುತ್ತಿತ್ತು. ಈಗ ನೀಲಿ ಪಟ್ಟಿ ಒತ್ತಿ ಕೋರಿಕೆ ಕಳಿಸಿದೆವು. ಶುಕ್ರವಾರ ಕಳಿಸಿದ್ದು, ಶನಿವಾರ ಉತ್ತರವಿಲ್ಲ, ಭಾನುವಾರವೂ ಇಲ್ಲ. ಸೋಮವಾರ ಕಾರ್ಖಾನೆಯವರು ಬೇರೆ ಕನ್ಸಲ್ಟೆಂಟ್ ಕಳಿಸಿದವನನ್ನು ತೆಗೆದುಕೊಂಡರು.

ಮೂರು ವಾರದ ನಂತರ ಕನ್ನಡ ಸಂಘದ ಪರಿಚಯದವರೊಬ್ಬರು ಒಬ್ಬ ಹುಡುಗನನ್ನು ನಮ್ಮ ಆಫೀಸಿಗೆ ಕಳಿಸಿದರು. ರೆಸ್ಯೂಮೆ ತೆಗೆದು ನೋಡಿದರೆ ಅವನೇ! ಹಿಂದಿನ ಕಾರ್ಖಾನೆಯಲ್ಲಿ ಗುತ್ತಿಗೆ ಮುಗಿದು ಒಂದೂವರೆ ತಿಂಗಳಾಗಿತ್ತು. ಐದು ಜನ ಸೇರಿ ಬಾಡಿಗೆ ಹಿಡಿದ ಕೋಣೆಯಲ್ಲಿ ಅವನ ಪಾಲಿನ ಬಾಡಿಗೆಯನ್ನು ಉಳಿದ ನಾಲ್ವರು ಕಟ್ಟುತ್ತಿದ್ದರು. ಊರಿಗೆ ಹೋಗಿಬಿಡಲೇ ಎಂದು ಯೋಚಿಸುತ್ತಿದ್ದ. ನಾವು ಕಳಿಸಿದ ಮೇಲ್ ಬಗ್ಗೆ ಕೇಳಿದೆ.

‘ಮೇಲ್ ಯಾರ್ ನೋಡ್ತಾರ್ರೀ ಸರ? ಅದು ಕಾಲೇಜಿನ್ಯಾಗ ಮಾಡಿದ್ದು, ಪಾಸ್‌ವರ್ಡ್ ಸುದ್ದಾ ನೆನಪಿಲ್ರಿ. ಫೋನ್ ನಂಬರ್ ಹಾಕಿದ್ನೆಲ್ರೀ, ಯಾರರ ಫೋನ್ ಮಾಡ್ತಾರಂತ ಕಾಯ್ಕೊಂತ ಕುಂತಿದ್ದೆ.’

ಅವನ ರೆಸ್ಯೂಮೆಯಲ್ಲಿ ನಂಬರ್ ಇತ್ತು. ಯಾರಾದರೂ ಕರೆ ಮಾಡಲಿ ಎಂದೇ ಅವನು ಅದನ್ನು ಬರೆದಿದ್ದ. ಅದನ್ನು ಮುಚ್ಚಿ ಎಂದು ಅವನು ಹೇಳಿರಲಿಲ್ಲ, ಮುಚ್ಚಿದ್ದೇವೆ ಎಂದು ಅವನಿಗೆ ಯಾರೂ ತಿಳಿಸಿರಲೂ ಇಲ್ಲ. ಐಟಿ ಕಂಪನಿಯ ಎಂಜಿನಿಯರ್ ದಿನಕ್ಕೆ ಹತ್ತು ಸಲ ಮೇಲ್ ನೋಡುತ್ತಾನೆ. ಶಾಪ್‌ಫ್ಲೋರ್‌ನ ಹುಡುಗನ ಪ್ರಪಂಚದಲ್ಲಿ ಫೋನ್ ಕರೆ ಮತ್ತು ವಾಟ್ಸ್ಆ್ಯಪ್ ಬಿಟ್ಟರೆ ಮೂರನೆಯದಿಲ್ಲ. ಈ ಬದಲಾವಣೆ ಮಾಡಿದವರು ಮೊದಲನೆಯವನನ್ನು ಕಣ್ಣ ಮುಂದೆ ಇಟ್ಟುಕೊಂಡಿರಬೇಕು. ಹುಡುಗನಿಗೆ ಹದಿನೈದು ದಿನದಲ್ಲಿ ಭೋಸರಿಯಲ್ಲಿ ಕೆಲಸ ಸಿಕ್ಕಿತು, 23 ಸಾವಿರಕ್ಕೆ. ತಿಂಗಳಿಗೆ ಮೂರು ಸಾವಿರದ ವ್ಯತ್ಯಾಸ ಎಂದರೆ ಅವನ ಪಾಲಿನ ಕೋಣೆ ಬಾಡಿಗೆ.

ಕಾನೂನಿನ ದಾರಿ ಏನು ಎಂದು ಇಲ್ಲಿನ ಕನ್ನಡಿಗ ವಕೀಲರೊಬ್ಬರ ಹತ್ತಿರ ಕೂತು ಮಾತಾಡಿದೆ. ಮೊದಲು ಗ್ರಾಹಕರ ವೇದಿಕೆಯ ಆಸೆ ಇಟ್ಟುಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಹೊಸ ಮಾತು ಬಂದಿದೆ. ಒಂದೇ ಕಡೆಗೆ ವಾಲಿದ ಷರತ್ತುಗಳ ವಿರುದ್ಧ ರಾಜ್ಯ ಆಯೋಗಕ್ಕೆ ಹೋಗಬಹುದು. ಆದರೆ ಹೋಗುವವನು ಗ್ರಾಹಕನಾಗಿರಬೇಕು. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನು ಅದೇ ಕಾಯ್ದೆಯ ಪ್ರಕಾರ ಗ್ರಾಹಕನೇ ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ಒಂದು ವಿನಾಯಿತಿಯ ವಿವರಣೆ ಇದೆ. ಈಗಿನ ಕಾಯ್ದೆಯಲ್ಲಿ ಅದು ಕೊಂಡ ಸರಕಿನ ಬಗ್ಗೆ ಮಾತಾಡುತ್ತದೆ, ಪಡೆದ ಸೇವೆಯ ಬಗ್ಗೆ ಅಲ್ಲ. ನಾನು ಹೊಲಿಗೆ ಯಂತ್ರ ಕೊಂಡಿದ್ದರೆ ವಾದಕ್ಕೆ ಜಾಗವಿತ್ತು. ಕೊಂಡದ್ದು ಲಾಗಿನ್.

1872ರ ಕರಾರು ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಕರಾರು ಬದಲಾಗಬೇಕಾದರೆ ಇಬ್ಬರೂ ಒಪ್ಪಬೇಕು. ಪೋರ್ಟಲ್‌ನವರ ಉತ್ತರ ಸಿದ್ಧವಾಗಿದೆ, ‘ಬದಲಿಸುವ ಹಕ್ಕಿಗೇ ನೀವು ಮೊದಲು ಒಪ್ಪಿದ್ದೀರಿ’. ಬಲವಂತನು ದುರ್ಬಲನ ಮೇಲೆ ಹೇರಿದ ಷರತ್ತನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟು 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಹೇಳಿದೆ. ಅದು ನೌಕರನೊಬ್ಬನ ಪ್ರಕರಣ. ಎರಡೂ ಕಡೆಯವರು ವ್ಯಾಪಾರಸ್ಥರಾಗಿದ್ದರೆ ಈ ತತ್ವ ಅನ್ವಯವಾಗದಿರಬಹುದು ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಎರಡು ಕೋಣೆಯ ನನ್ನ ಆಫೀಸು ಮತ್ತು ದೇಶವ್ಯಾಪಿ ಪೋರ್ಟಲ್, ಕಾನೂನಿನ ಕಣ್ಣಿಗೆ ಇಬ್ಬರೂ ವ್ಯಾಪಾರಸ್ಥರೇ. ಉದ್ಯಮ್ ನೋಂದಣಿ ಮಾಡಿಸಿದ್ದೀರಲ್ಲ ಎಂದು ಕೆಲವರು ಕೇಳಿದರು. 2006ರ ಎಂಎಸ್ಎಂಇ ಕಾಯ್ದೆ ನನ್ನ ಬಿಲ್ಲನ್ನು 45 ದಿನ ದಾಟಿ ಬಾಕಿ ಇಟ್ಟವರ ವಿರುದ್ಧ ನೆರವಿಗೆ ಬರುತ್ತದೆ. ಮೊದಲೇ ಹಣ ಕೊಟ್ಟು ಕೂತವನಿಗೆ ಅದರಲ್ಲಿ ಏನೂ ಇಲ್ಲ.

ಉಳಿದ ಏಳು ತಿಂಗಳ ಹಣವನ್ನಾದರೂ ವಾಪಸ್ ಕೊಡಿ ಎಂದು ಬರೆದೆ. ಇನ್‌ವಾಯ್ಸ್ ಮೇಲೆ ಜಿಎಸ್‌ಟಿ ಕಟ್ಟಿಯಾಗಿದೆ, ಆಗುವುದಿಲ್ಲ ಎಂದರು. ಸೇವೆಯಲ್ಲಿ ಕೊರತೆ ಕಂಡುಬಂದರೆ ಕ್ರೆಡಿಟ್ ನೋಟ್ ಕೊಡಲು ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಅವಕಾಶ ಕೊಟ್ಟಿದೆ ಎಂದು ನನ್ನ ಸಿಎ ಹೇಳಿಕೊಟ್ಟಂತೆ ಉತ್ತರಿಸಿದೆ. ಆಗ ಬಂದದ್ದು ಹೊಸ ಮಾತು: ಸೇವೆಯಲ್ಲಿ ಕೊರತೆಯೇ ಇಲ್ಲ. ಇನ್‌ವಾಯ್ಸ್‌ನಲ್ಲಿ ಬರೆದಿರುವುದು ‘ರೆಸ್ಯೂಮೆ ಡೇಟಾಬೇಸ್ ಪ್ರವೇಶ, 12 ತಿಂಗಳು’ ಎಂದಷ್ಟೇ. ಪ್ರವೇಶ ಈಗಲೂ ಇದೆಯಲ್ಲ? ವಾಟ್ಸ್ಆ್ಯಪ್‌ನ ಪಿಡಿಎಫ್ ಬರೀ ಪ್ರಚಾರ ಸಾಮಗ್ರಿಯಂತೆ. ಕೊನೆಗೆ ‘ಸದ್ಭಾವನೆಯಿಂದ’ ಎರಡು ಉಚಿತ ಜಾಬ್ ಪೋಸ್ಟಿಂಗ್ ಕೊಟ್ಟರು.

ಇಡೀ ವ್ಯವಹಾರದ ಗಂಟು ಇಲ್ಲಿದೆ ಎಂದು ನನಗನಿಸುತ್ತದೆ. ಮಾರುವಾಗ ತೋರಿಸುವುದು ಪಿಡಿಎಫ್, ಹಣ ಪಡೆಯುವುದು ಇನ್‌ವಾಯ್ಸ್ ಮೇಲೆ, ಜಗಳ ಬಂದಾಗ ಓದುವುದು ಷರತ್ತು. ಮೂರೂ ಬೇರೆ ಬೇರೆ ಕಾಗದ, ಮತ್ತು ನಾವು ಕೊಂಡ ಸವಲತ್ತುಗಳು ಇರುವುದು ಯಾವ ಬೆಲೆಯೂ ಇಲ್ಲದ ಮೊದಲ ಕಾಗದದಲ್ಲಿ ಮಾತ್ರ.

ಅದಕ್ಕೇ ಈ ಸಲ ನವೀಕರಣದ ಹೊತ್ತಿಗೆ ನಾವು ಕೆಲವರು, ಪುಣೆಯ ಮೂವರು, ಠಾಣೆಯ ಗೆಳೆಯರು ಮತ್ತು ಹೈದರಾಬಾದಿನ ಒಬ್ಬರು, ಒಂದೇ ಒಕ್ಕಣೆಯ ಪತ್ರ ಬರೆದೆವು. ಸವಲತ್ತುಗಳ ಪಟ್ಟಿಯನ್ನು ಇನ್‌ವಾಯ್ಸ್‌ಗೆ ಲಗತ್ತಿಸಬೇಕು. ಅವಧಿಯ ನಡುವೆ ಯಾವುದನ್ನಾದರೂ ತೆಗೆದರೆ 30 ದಿನ ಮುಂಚೆ ತಿಳಿಸಿ, ಉಳಿದ ತಿಂಗಳುಗಳ ಹಣ ಕ್ರೆಡಿಟ್ ನೋಟ್ ಮೂಲಕ ವಾಪಸ್ ಕೊಡಬೇಕು. ಕಾನೂನು ಬದಲಾದ ಕಾರಣಕ್ಕೆ ತೆಗೆಯಬೇಕಾದರೆ ಎಲ್ಲ ಪ್ಲಾನ್‌ಗಳಿಂದಲೂ ತೆಗೆಯಬೇಕು, ದುಬಾರಿ ಪ್ಲಾನ್‌ನಲ್ಲಿ ಉಳಿಸಿಕೊಳ್ಳುವಂತಿಲ್ಲ. ಈ ಮೂರನೆಯದನ್ನು ಸೇರಿಸಲು ನಾನೇ ಪಟ್ಟು ಹಿಡಿದೆ.

ಇನ್‌ವಾಯ್ಸ್ ನಮೂನೆಯಲ್ಲಿ ಲಗತ್ತು ಸೇರಿಸಲು ಸಿಸ್ಟಮ್‌ನಲ್ಲಿ ಜಾಗವಿಲ್ಲ ಎಂದು ಒಂದು ಪೋರ್ಟಲ್ ಬರೆಯಿತು. ಇನ್ನೊಂದು ಉತ್ತರಿಸಿಲ್ಲ. ವರ್ಷದ ಪ್ಲಾನ್ ಬಿಟ್ಟು ನಾನು ಮೂರು ತಿಂಗಳದು ತೆಗೆದುಕೊಂಡಿದ್ದೇನೆ. ತಿಂಗಳ ಲೆಕ್ಕದಲ್ಲಿ ಅದು ದುಬಾರಿ, ಆದರೆ ಹೋದರೆ ಮೂರು ತಿಂಗಳದ್ದು ಹೋಗುತ್ತದೆ. ಇಬ್ಬರು ಹುಡುಗಿಯರು ಪೋರ್ಟಲ್ ನೋಡುತ್ತಾರೆ. ಮೂರನೆಯವಳು ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಪಾಲಿಟೆಕ್ನಿಕ್ ಮತ್ತು ಐಟಿಐಗಳ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಹುಡುಗರ ಒಪ್ಪಿಗೆ ಪಡೆದು, ಹೆಸರು ನಂಬರ್ ಬರೆದುಕೊಳ್ಳುತ್ತಾಳೆ. ಇಂಡಿಯ ಹುಡುಗ ತನ್ನ ಕೋಣೆಯ ನಾಲ್ವರ ಹೆಸರನ್ನೂ ಬರೆಸಿ ಹೋಗಿದ್ದಾನೆ.

ಮೂರು ತಿಂಗಳ ಅವಧಿ ಅಕ್ಟೋಬರ್‌ಗೆ ಮುಗಿಯುತ್ತದೆ. ಸವಲತ್ತುಗಳ ಪಟ್ಟಿಯನ್ನು ಇನ್‌ವಾಯ್ಸ್‌ನಲ್ಲೇ ಬರೆದುಕೊಡುವ ಪೋರ್ಟಲ್ ಯಾವುದಾದರೂ ಚೆನ್ನೈ, ದೆಹಲಿ ಕಡೆಯ ಓದುಗರಿಗೆ ಗೊತ್ತಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಠಾಣೆಯ ಗೆಳೆಯರೂ ಕೇಳುತ್ತಿದ್ದಾರೆ.